ಹೆಂಗದೆ ಈ ಗೇರ್ ಸೈಕಲ್ಲು?

ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಪಂಕ್ಚರ್ ಎಷ್ಟು ಸಹಜವೋ ಇಂಥ ಪ್ರಸಂಗಗಳೂ ಅಷ್ಟೇ ಸಹಜ. ನಾನು ಕರೆಯಬೇಕಾಗಿಲ್ಲ, ತಾವಾಗಿಯೇ ಬಂದು ಅಂಗಡಿ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲುತ್ತವೆ.

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ನನ್ನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮೂವತ್ತು ವರ್ಷದಿಂದ ಇದೇ ಕಸುಬು. ಮೊದಲೆಲ್ಲ ಸೈಕಲ್ ಕೊಳ್ಳುವವರು ನನ್ನ ಹತ್ತಿರ ಬಂದು, ಯಾವುದು ತಗೊಳ್ಳಲಿ ಎಂದು ಕೇಳಿ ಆಮೇಲೆ ಕೊಳ್ಳುತ್ತಿದ್ದರು. ಈಗ ಡಿಪಾರ್ಟ್‌ಮೆಂಟ್ ಸ್ಟೋರುಗಳಲ್ಲಿ ಬಕೆಟ್ಟು, ಕುಕ್ಕರು, ಚಾಪೆಗಳ ಪಕ್ಕದಲ್ಲೇ ಗೇರ್ ಸೈಕಲ್ಲುಗಳನ್ನೂ ಸಾಲಾಗಿ ನಿಲ್ಲಿಸಿರುತ್ತಾರೆ. ದಪ್ಪ ಟೈರು, ಅಲ್ಲಲ್ಲಿ ಸ್ಪ್ರಿಂಗು, ಮೈಮೇಲೆ ಬೆಟ್ಟದ ಚಿತ್ರ. ಬೆಲೆ ಮಾತ್ರ ಬಲು ಅಗ್ಗ. ಅಕ್ಕಿ ಬೇಳೆ ತರಲು ಹೋದವರು ಒಂದು ಸೈಕಲ್ಲನ್ನೂ ಎತ್ತಿಕೊಂಡು ಬರುತ್ತಾರೆ. ತಂದವರು ನೇರ ನನ್ನ ಅಂಗಡಿಗೇ ಬಂದು, “ಹೆಂಗದೆ, ನೋಡಿ ಹೇಳಿ” ಅನ್ನುತ್ತಾರೆ. ಮದುವೆ ಮುಗಿಸಿಕೊಂಡು ಬಂದು ಜಾತಕ ತೋರಿಸಿದ ಹಾಗೆ.

ನಾನು ನೋಡಿ, ಕಂಡದ್ದನ್ನು ಹೇಳುತ್ತೇನೆ. ಅದೇ ನನ್ನ ದೊಡ್ಡ ದುರ್ಗುಣ ಎಂದು ನನ್ನ ಹೆಂಡತಿಯ ದೂರು. “ಮದ್ವೆಗೆ ಬಂದ ಮಗಳವ್ಳೆ ಮನೇಲಿ. ಊರೋರ ಸೈಕಲ್ಲನ್ನೆಲ್ಲ ಆಡ್ಕೊಂಡ್ರೆ ಹೆಣ್ಣು ಕೇಳ್ಕೊಂಡು ಯಾರು ಬತ್ತಾರೆ?” ಎಂದು ದಿನಾ ಕೇಳುತ್ತಿದ್ದಳು. ಮಗಳು ಹುಣಸೂರಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ನಾನು ಊಟಕ್ಕೆ ಎದ್ದಾಗ ಅಂಗಡಿಯಲ್ಲಿ ಕೂರುತ್ತಿದ್ದವಳು, ನೋಡನೋಡುತ್ತಲೇ ಚಕ್ರದ ಬೆಂಡು ತೆಗೆಯುವ ತನಕ ಕೆಲಸ ಕಲಿತುಬಿಟ್ಟಳು. ಅದೂ ನನ್ನದೇ ತಪ್ಪಂತೆ. ಮುಂದೆ ಹೇಳುವುದೆಲ್ಲ ಅವಳಿಗೆ ಗಂಡು ಹುಡುಕುತ್ತಿದ್ದ ಆ ಒಂದು ವರ್ಷದಲ್ಲಿ ನಡೆದದ್ದು.

ನಿಂಬೆಹಣ್ಣಿನ ಪರೀಕ್ಷೆ

ಕರೆಂಟ್ ಆಫೀಸಿನ ಲೈನ್‌ಮನ್ ಒಬ್ಬರಿಗೆ ಡಾಕ್ಟರು ಹೊಟ್ಟೆ ಇಳಿಸಬೇಕು ಎಂದಿದ್ದರು. ಅವರು ಹೋಗಿ ಒಂದು ಗೇರ್ ಸೈಕಲ್ ತಂದರು. ನಮ್ಮ ಕಡೆ ಹೊಸ ಗಾಡಿ ಯಾವುದೇ ಇರಲಿ, ಸೈಕಲ್ಲಾಗಲಿ ಟ್ರ್ಯಾಕ್ಟರಾಗಲಿ, ಮೊದಲು ದೇವಸ್ಥಾನದ ಮುಂದೆ ನಿಲ್ಲಿಸಿ ಪೂಜೆ ಮಾಡಿಸಬೇಕು. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಗಾಡಿ ಅದನ್ನು ಪಚಕ್ಕೆಂದು ಅಪ್ಪಚ್ಚಿ ಮಾಡಿ ಮುಂದೆ ಹೋದರೆ ಶುಭ.

ಪೂಜಾರಪ್ಪ ಮಂಗಳಾರತಿ ಎತ್ತಿ, ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಕೊಟ್ಟು, “ತುಳೀರಿ” ಎಂದರು. ಲೈನ್‌ಮನ್ ತುಳಿದರು. ಸೈಕಲ್ ನಿಂಬೆಹಣ್ಣಿನ ತನಕ ಹೋಗಿ ನಿಂತಿತು. ಅವರು ಎದ್ದು ನಿಂತು, ಮೈಭಾರವನ್ನೆಲ್ಲ ಎಡಗಾಲಿಗೆ ಬಿಟ್ಟು ಇನ್ನೊಮ್ಮೆ ತುಳಿದರು. ಎಡಗಡೆ ಪೆಡಲು ಕಳಚಿಕೊಂಡು ಬಂತು. ಸೈಕಲ್ ಒಂದು ಕಡೆ, ಅವರು ಒಂದು ಕಡೆ, ಕಾಲಡಿಯಲ್ಲಿ ಪೆಡಲು.

ಆದದ್ದಿಷ್ಟೇ. ಎಡಗಡೆ ಪೆಡಲಿನ ಮರೆ, ಅಂದರೆ ಸ್ಕ್ರೂವಿನ ಸುತ್ತು, ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಸ್ಟೋರಿನಲ್ಲಿ ಜೋಡಿಸಿದವನು ಬಲಕ್ಕೇ ತಿರುಗಿಸಿ, ಅದು ಹೋಗದಿದ್ದಾಗ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದಾನೆ. ಮರೆಯೆಲ್ಲ ತಿಂದುಹೋಗಿತ್ತು.

ಲೈನ್‌ಮನ್ ಒಂದು ಕೈಯಲ್ಲಿ ಪೆಡಲು, ಇನ್ನೊಂದು ಕೈಯಲ್ಲಿ ಪ್ರಸಾದ ಎಂದು ಪೂಜಾರಪ್ಪ ಕೊಟ್ಟ ಅದೇ ನಿಂಬೆಹಣ್ಣು ಹಿಡಿದು ನನ್ನ ಅಂಗಡಿಗೆ ಬಂದರು. ಅವರ ಸಂಗಡಿಗ ಸೈಕಲ್ ತಳ್ಳಿಕೊಂಡು ಹಿಂದೆ ಬಂದ.

“ನೀವು ಕಸುಬಿನೋರು. ಮುಲಾಜಿಲ್ದೆ ಹೇಳಿ, ಹೆಂಗದೆ?” ಎಂದರು.

ನಾನು ಎರಡನ್ನೂ ಕೈಗೆ ತಗೊಂಡು ನೋಡಿ, “ನಿಂಬೆಹಣ್ಣು ಬಲು ಗಟ್ಟಿ ಅದೆ ಸಾರ್” ಎಂದೆ.

ತೂಕದ ಮಾಲು

ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ನನಗೆ ಹಳೆಯ ಪರಿಚಯ. ಎಲೆಯನ್ನು ಬೆರಳಲ್ಲಿ ಒಂದು ಸಲ ಉಜ್ಜಿದರೆ ಸಾಕು, ಹರಾಜಿನಲ್ಲಿ ಯಾವ ಗ್ರೇಡಿಗೆ ಹೋಗುತ್ತದೆ ಎಂದು ಹೇಳಿಬಿಡುವ ಮನುಷ್ಯ. ಅವರು ಒಂದು ದಿನ ಏದುಸಿರು ಬಿಡುತ್ತಾ ಹೊಸ ಗೇರ್ ಸೈಕಲ್ಲನ್ನು ತಳ್ಳಿಕೊಂಡು ಬಂದರು.

“ಮಾಲು ಎಂಗದೆ ಅಂತ ನಿನ್ನ ಕೇಳಾಕೆ ಬಂದಿಲ್ಲ ಕಣಯ್ಯ. ಅದ ನಾನೇ ನೋಡಿ ತಂದಿವ್ನಿ. ಆದ್ರೆ ತುಳುದ್ರೆ ಯಾಕೋ ಮುಂದಕ್ಕೇ ಓಗಾಕಿಲ್ಲ ಅಂತದೆ. ಅದೊಂದು ನೋಡು.”

“ಹೆಂಗೆ ನೋಡಿ ತಂದ್ರಿ ಗೌಡ್ರೆ?”

“ಅಲ್ಲಿ ಎಂಟು ಸೈಕಲ್ ಇಟ್ಟಿದ್ರು. ಎಂಟನ್ನೂ ಒಂದೊಂದಾಗಿ ಎತ್ತಿ ನೋಡ್ದೆ. ಇದೊಂದನ್ನ ಎತ್ತಕ್ಕೇ ಆಗ್ಲಿಲ್ಲ. ಇದೇ ಕೊಡಪ್ಪ ಅಂದೆ.”

ಹಿತ್ತಾಳೆ ಕೊಳಗವನ್ನು, ಕಬ್ಬಿಣದ ಬಾಂಡಲೆಯನ್ನು ಹಾಗೆಯೇ ಕೊಳ್ಳುವುದು ನಿಜ. ತೂಕ ಬಂದರೆ ಮಾಲು ಚೆನ್ನಾಗಿದೆ ಎಂದು ಲೆಕ್ಕ. ನಾನು ಸೈಕಲ್ ಎತ್ತಿದೆ. ನನ್ನ ಸೊಂಟ ಹಿಡಿದುಕೊಂಡಿತು. ನೀರಿನ ಪೈಪಿನಂಥ ಕಬ್ಬಿಣದ ಕೊಳವೆಗೆ ಬಣ್ಣ ಹೊಡೆದು, ಮೇಲೆ ಬೆಟ್ಟದ ಸ್ಟಿಕ್ಕರ್ ಅಂಟಿಸಿದ್ದರು.

“ಗೌಡ್ರೆ, ಸೈಕಲ್‌ನಲ್ಲಿ ಇದು ತಿರುಗಾಮುರುಗಾ. ಹಗುರ ಇದ್ದಷ್ಟೂ ಒಳ್ಳೇದು. ಒಂದು ಬೆರಳಲ್ಲಿ ಎತ್ತಬಹುದಾದ ಸೈಕಲ್ ಅವೆ, ಅವಕ್ಕೆ ಇದರ ಹತ್ತು ಪಟ್ಟು ಬೆಲೆ” ಎಂದೆ.

ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ತೂಕ ಕಮ್ಮಿ ಇದ್ರೆ ಕಾಸು ಜಾಸ್ತಿಯಾ? ಸರಿ ಬುಡು. ನಾಳೆ ಹರಾಜಿಗೆ ನಮ್ಮ ಸೊಪ್ಪಿನ ಬೇಲು ಓಯ್ತದೆ. ಅರ್ಧ ಸೊಪ್ಪು ತೆಗೆದು ಮನೇಲಿಟ್ಟು, ಹಗುರಾಗದೆ, ಹತ್ತು ಪಟ್ಟು ಕೊಡಿ ಅಂತ ಕೇಳಿ ನೋಡ್ತೀನಿ” ಎಂದರು.

ಹಾಲಿನ ಕ್ಯಾನು

ನನ್ನ ತಂಗಿಯನ್ನು ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಗಂಡ ಡೇರಿಗೆ ಹಾಲು ಹಾಕಲು ಹಿಂದೆ ಮುಂದೆ ಎರಡು ಕಡೆಯೂ ಸ್ಪ್ರಿಂಗ್ ಇರುವ ಗೇರ್ ಸೈಕಲ್ ತಂದಿದ್ದ. ಊರಿನ ವೆಲ್ಡಿಂಗಿನವನ ಕೈಲಿ ಕ್ಯಾರಿಯರ್ ಕೂರಿಸಿ, ಅದರ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ.

ನಾನು ಹೋದಾಗ ತಂಗಿ, “ಅಣ್ಣಾ, ಮನೇಲಿ ಅಳೆದ್ರೆ ಎಂಟು ಲೀಟ್ರು. ಡೇರೀಲಿ ಅಳೆದ್ರೆ ಏಳೂಕಾಲು. ಡೇರಿಯೋನೇ ಕದೀತಾವ್ನೆ ಅಂತ ಇವ್ರು ದಿನಾ ಅವನ ಜೊತೆ ಜಗಳಕ್ಕೆ ನಿಂತವ್ರೆ. ನೀನಾದ್ರೂ ಒಂದ್ ಮಾತು ಹೇಳು” ಎಂದಳು.

ಬೆಳಿಗ್ಗೆ ಅವನ ಹಿಂದೆ ನಾನೂ ನಡೆದುಕೊಂಡು ಹೊರಟೆ. ಒಂದು ಸಲ ಪೆಡಲು ತುಳಿದರೆ ಸೀಟು ಒಂದು ಸಲ ಕೆಳಗೆ ಹೋಗಿ ಮೇಲೆ ಬರುತ್ತಿತ್ತು, ಕ್ಯಾನೂ ಅದರ ಜೊತೆ ಕುಣಿಯುತ್ತಿತ್ತು. ಮುಚ್ಚಳದ ಸಂದಿಯಿಂದ ನೊರೆ ಉಕ್ಕಿ ದಾರಿಯುದ್ದಕ್ಕೂ ಸುರಿಯುತ್ತಿತ್ತು. ಅವನು ಹಿಂದೆ ತಿರುಗಿ ನೋಡಿದವನೇ ಅಲ್ಲ. ನೋಡಿದ್ದರೆ ಊರಿನ ನಾಲ್ಕು ನಾಯಿಗಳು ಸಾಲಾಗಿ ನೆಲ ನೆಕ್ಕುತ್ತಾ ಬರುತ್ತಿದ್ದುದು ಕಾಣುತ್ತಿತ್ತು.

ಡೇರಿ ಮುಂದೆ ಇಳಿದ ಮೇಲೆ ಅವನು ಹೆಮ್ಮೆಯಿಂದ, “ಸೈಕಲ್ ಹೆಂಗದೆ ಭಾವ?” ಎಂದು ಕೇಳಿದ.

“ನನ್ನ ಯಾಕೆ ಕೇಳ್ತೀಯ? ಹಿಂದೆ ನಾಲ್ಕು ಜನ ಬಂದವ್ರೆ, ಅವರನ್ನ ಕೇಳು. ಬಲು ಚೆನ್ನಾಗದೆ ಅಂತಾರೆ” ಎಂದೆ.

ನೂರಕ್ಕೆ ಎಷ್ಟು?

ಇದು ಹೇಳಲು ನನಗೆ ಈಗಲೂ ಸ್ವಲ್ಪ ಸಂಕಟವಾಗುತ್ತದೆ. ಹುಣಸೂರಿನಿಂದ ರಿಟೈರ್ಡ್ ಹೆಡ್‌ಮಾಸ್ಟರೊಬ್ಬರು ತಮ್ಮ ಗೇರ್ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ನನ್ನ ಅಂಗಡಿಗೆ ಬಂದರು. ಹುಣಸೂರಿನಲ್ಲಿ ಸೈಕಲ್ ಅಂಗಡಿ ಇಲ್ಲವೇ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

“ಇದರಲ್ಲಿ ಇಪ್ಪತ್ತೊಂದು ಗೇರ್ ಇವೆಯಂತೆ. ಮುಂದೆ ಮೂರು, ಹಿಂದೆ ಏಳು. ಮೂರೇಳಲಿ ಇಪ್ಪತ್ತೊಂದು. ಲೆಕ್ಕ ಸರಿಯಾಗಿದೆ. ಕೆಲಸ ಸರಿಯಾಗಿದೆಯೋ ನೋಡಿ” ಎಂದರು.

ಸೈಕಲ್ಲನ್ನು ಹಗ್ಗಕ್ಕೆ ನೇತುಹಾಕಿ, ಪೆಡಲು ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ ನೋಡಿದೆ. ಕೆಲವಕ್ಕೆ ಚೈನು ಹೋಗಲೇ ಇಲ್ಲ. ಕೆಲವಕ್ಕೆ ಹೋಗಿ ಕಳಚಿಕೊಂಡಿತು. ನಿಂತದ್ದು ಮೂರು.

“ಮೂರು ಅವೆ ಸಾರ್.”

“ಮಿಕ್ಕ ಹದಿನೆಂಟು?”

“ಹಾಜರಿ ಪುಸ್ತಕದಲ್ಲಿ ಹೆಸರು ಅದೆ, ಸ್ಕೂಲಿಗೆ ಬರಲ್ಲ.”

ಅವರು ನಗಲಿಲ್ಲ. ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. “ಒಟ್ಟಾರೆ ನೂರಕ್ಕೆ ಎಷ್ಟು ಕೊಡ್ತೀರಿ?” ಎಂದು ಕೇಳಿದರು. ಬ್ರೇಕು ಹಿಡಿಯಲಿಲ್ಲ, ಸೀಟು ಅಲ್ಲಾಡುತ್ತಿತ್ತು, ಚಕ್ರ ಹಾವಿನ ಹಾಗೆ ಓಡುತ್ತಿತ್ತು. “ಹನ್ನೆರಡು. ಅದೂ ಬೆಲ್ಲು ಚೆನ್ನಾಗಿ ಹೊಡ್ಕೊಳ್ತದೆ ಅಂತ” ಎಂದೆ. ಅವರು ಮತ್ತೆ ಆಟೋ ಕರೆಸಿ, ಸೈಕಲ್ ಹಾಕಿಸಿಕೊಂಡು ಹೊರಟುಹೋದರು.

ಮೂರನೆಯ ದಿನ ಮದುವೆ ದಲ್ಲಾಳಿ ಮುಖ ಹುಳಿ ಮಾಡಿಕೊಂಡು ಬಂದ. “ಹುಣಸೂರು ಕಡೆ ನಿಮ್ಮ ಮಗಳಿಗೆ ಒಳ್ಳೆ ಸಂಬಂಧ ನೋಡಿದ್ದೆ. ಹುಡುಗ ಸರ್ಕಾರಿ ಕೆಲಸದಲ್ಲವ್ನೆ. ಅವನ ದೊಡ್ಡಪ್ಪ ಹೆಡ್ಮಾಸ್ಟರಾಗಿದ್ದೋರು. ಹೆಣ್ಣಿನ ಅಪ್ಪ ಎಂಥೋನು ಅಂತ ಗುಟ್ಟಾಗಿ ನೋಡ್ಕಂಡ್ ಬತ್ತೀನಿ ಅಂತ ಸೈಕಲ್ ತಗೊಂಡು ಬಂದಿದ್ರಂತೆ.”

“ಏನಂದ್ರು?” ಎಂದೆ.

“ಸೈಕಲ್‌ಗೆ ನೀವು ಹನ್ನೆರಡು ಕೊಟ್ರಂತೆ. ನಿಮಗೆ ಅವರು ಅಷ್ಟೂ ಕೊಟ್ಟಿಲ್ಲ.”

ಪರವಾಗಿಲ್ಲ

ಆ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸಾಯಂಕಾಲ ಹೆಂಡತಿ ನನ್ನನ್ನು ಕೂರಿಸಿಕೊಂಡು ಒಂದು ಕಟ್ಟಪ್ಪಣೆ ಮಾಡಿದಳು. “ಇನ್ಮೇಲೆ ಯಾರು ಯಾವ ಸೈಕಲ್ ತಂದು ಹೆಂಗದೆ ಅಂದ್ರೂ, ಪರವಾಗಿಲ್ಲ ಅನ್ನಿ. ಒಂದೇ ಮಾತು. ಅದಾದ್ಮೇಲೆ ಬಾಯಿ ಮುಚ್ಕೊಳಿ.” ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಅಪ್ಪ ಸುಳ್ಳು ಹೇಳಿ ತರೋ ಗಂಡು ನಂಗೆ ಬೇಡ” ಎಂದು ಅವಳು ಹೇಳಿದ್ದನ್ನು ಅವಳಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ.

ಮಾರನೆಯ ವಾರವೇ ಇಲ್ಲೇ ಹತ್ತಿರದ ಕೊಪ್ಪದ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವನೊಬ್ಬ ಹೊಸ ಗೇರ್ ಸೈಕಲ್ ತಂದು ನಿಲ್ಲಿಸಿದ. ಅದರ ಕೊಳವೆಯ ಮೇಲೆ ಇಷ್ಟಗಲದ ಇಂಗ್ಲಿಷ್ ಅಕ್ಷರದಲ್ಲಿ ಮೌಂಟನ್ ಬೈಕ್, ಅಂದರೆ ಬೆಟ್ಟದ ಸೈಕಲ್ ಎಂದು ಬರೆದಿತ್ತು. “ಬೆಟ್ಟದಪುರದ ಬೆಟ್ಟದ ತಾವ ಕಲ್ಲುದಾರೀಲಿ ಹೋಗಾಣ ಅಂತಿದ್ದೀನಿ. ತಡೀತದಾ?” ಎಂದು ಕೇಳಿದ. ನನ್ನ ನಾಲಗೆ ತುದಿಗೆ ಬಂದದ್ದೇ ಬೇರೆ. ಒಳಗಿಂದ ಹೆಂಡತಿ ಕೆಮ್ಮಿದಳು.

“ಪರವಾಗಿಲ್ಲ” ಎಂದೆ.

ಭಾನುವಾರ ಹೋದವನು ಸೋಮವಾರ ಬಂದ. ಮೊಣಕೈಗೆ ಬ್ಯಾಂಡೇಜು. ಮುಂದಿನ ಚಕ್ರ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಮಗಳು ಕೂತು ಚಕ್ರ ಬಿಚ್ಚುತ್ತಿದ್ದವಳು, ಕೊಳವೆಯ ಅಡಿಭಾಗದಲ್ಲಿದ್ದ ಸಣ್ಣ ಸ್ಟಿಕ್ಕರನ್ನು ಬಗ್ಗಿ ನೋಡಿದಳು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಜೋರಾಗಿ ಹೇಳಿದಳು: ಈ ಸೈಕಲ್ಲನ್ನು ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಓಡಿಸಬೇಕು, ಕಲ್ಲುದಾರಿ, ಬೆಟ್ಟ ಗುಡ್ಡಗಳಲ್ಲಿ ಓಡಿಸಬಾರದು.

ತರಕಾರಿಯವನು ಮೇಲಿನ ದೊಡ್ಡ ಅಕ್ಷರ ನೋಡಿದ. ಬಗ್ಗಿ ಕೆಳಗಿನ ಸಣ್ಣ ಅಕ್ಷರ ನೋಡಿದ. ಆಮೇಲೆ ನನ್ನನ್ನು ನೋಡಿದ.

“ಸೈಕಲ್ ಮಾಡ್ದೋನಾದ್ರೂ ನಿಜ ಬರದವ್ನೆ. ನಿಮ್ಮೊಬ್ರನ್ನೇ ಕಣ್ರೀ ನಾನು ನಂಬಿ ಕೆಟ್ಟಿದ್ದು” ಎಂದ.

ಬೀಗರ ಉಡುಗೊರೆ

ಕೊನೆಗೂ ಕೆ.ಆರ್. ನಗರದ ಕಡೆಯಿಂದ ಒಂದು ಸಂಬಂಧ ಬಂತು. ಜಾತಕ ಕೂಡಿಬಂತು, ಫೋಟೋ ಎರಡು ಕಡೆಗೂ ಒಪ್ಪಿಗೆಯಾಯಿತು. ಹೆಣ್ಣು ನೋಡಲು ಬರುವ ಹಿಂದಿನ ದಿನವಷ್ಟೇ ದಲ್ಲಾಳಿ ಬಾಯಿ ಬಿಟ್ಟ. ಹುಡುಗನ ಮನೆಯವರದು ಡಿಪಾರ್ಟ್‌ಮೆಂಟ್ ಸ್ಟೋರು. ಬಕೆಟ್ಟು, ಕುಕ್ಕರು, ಚಾಪೆ, ಗೇರ್ ಸೈಕಲ್ಲು.

ಹೆಂಡತಿ ಬೆಳಿಗ್ಗೆ ವಿಭೂತಿ ಕೊಡುವಾಗ ನನ್ನ ಕೈ ಹಿಡಿದುಕೊಂಡಳು. “ಇದೊಂದು ತಪ್ಪಿದ್ರೆ ನಾನು ಬದುಕಿದ್ದೂ ಸತ್ತಂಗೆ ಕಣ್ರೀ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಪಾಪ ಎನ್ನಿಸಿತು. ಈ ಸಲ ಏನೇ ಆಗಲಿ ಬಾಯಿ ಬಿಡುವುದಿಲ್ಲ ಎಂದು ನಿಜವಾಗಿಯೂ ತೀರ್ಮಾನ ಮಾಡಿಕೊಂಡೆ.

ಹುಡುಗ, ಅವನ ಅಪ್ಪ, ಅಮ್ಮ ಕಾರಿನಲ್ಲಿ ಬಂದರು. ಹಿಂದೆ ಅವರ ಸ್ಟೋರಿನ ಗೂಡ್ಸ್ ಆಟೋ ಬಂತು. ಅದರಿಂದ ಹೂವು ಹಣ್ಣಿನ ತಟ್ಟೆಗಳ ಜೊತೆಗೆ, ಪ್ಲಾಸ್ಟಿಕ್ ಸುತ್ತಿದ್ದ ಒಂದು ಕೆಂಪು ಗೇರ್ ಸೈಕಲ್ಲನ್ನೂ ಇಳಿಸಿದರು. ಹುಡುಗನ ಅಪ್ಪ ಅದನ್ನು ನನ್ನ ಮುಂದೆ ತಂದು ನಿಲ್ಲಿಸಿ, “ಬೀಗ್ರೆ, ಇದು ನಿಮಗೆ. ಇಡೀ ಊರಿನ ಸೈಕಲ್ ರಿಪೇರಿ ಮಾಡ್ತೀರಿ, ನಿಮಗೂ ಒಂದು ಒಳ್ಳೆ ಸೈಕಲ್ ಬ್ಯಾಡ್ವಾ? ನಮ್ಮ ಹುಡುಗನೇ ಕೈಯಾರೆ ಜೋಡ್ಸವ್ನೆ” ಎಂದರು.

ನಾನು ನೋಡಿದೆ. ಮೂವತ್ತು ವರ್ಷದ ಕಣ್ಣು, ಬೇಡವೆಂದರೂ ನೋಡುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುತ್ತದಲ್ಲ, ಆ ಫೋರ್ಕನ್ನೇ ಹಿಂದುಮುಂದಾಗಿ ಕೂರಿಸಿದ್ದರು. ಬ್ರೇಕು ಮುಂದೆ ಇರಬೇಕಾದ್ದು ಹಿಂದೆ ಬಂದಿತ್ತು. ಹ್ಯಾಂಡಲ್ ತಿರುಗಿಸಿದರೆ ಚಕ್ರ ಕಾಲಿಗೆ ತಗುಲಿ, ಹತ್ತಿದವನು ಮಕಾಡೆ ಬೀಳುವುದು ಖಂಡಿತ.

“ಹೆಂಗದೆ ಬೀಗ್ರೆ?”

ಬಾಗಿಲ ಸಂದಿಯಲ್ಲಿ ಹೆಂಡತಿಯ ಒಂದು ಕಣ್ಣು ಕಾಣುತ್ತಿತ್ತು.

“ಪರವಾಗಿಲ್ಲ” ಎಂದೆ.

“ಪರವಾಗಿಲ್ಲ ಅಂದ್ರೆ?” ಎಂದರು. ಮುಖ ಸ್ವಲ್ಪ ಚಿಕ್ಕದಾಯಿತು.

“ಅಯ್ಯೋ, ಬಲು ಚೆನ್ನಾಗದೆ!” ಎಂದೆ.

“ಅಂಗಂದ್ರೆ ಸರಿ. ಒಂದು ರೌಂಡ್ ಹೊಡೀರಿ ನೋಡಾಣ.”

ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿದ್ದರು. ಬೇರೆ ದಾರಿ ಕಾಣಲಿಲ್ಲ. ಮಗಳ ಮದುವೆಗೋಸ್ಕರ ಒಂದು ಸಲ ಬಿದ್ದರೆ ಏನಾಯಿತು ಎಂದುಕೊಂಡು, ಪಂಚೆ ಎತ್ತಿ ಕಟ್ಟಿ ಸೈಕಲ್ ಮೇಲೆ ಕಾಲು ಹಾಕಿದೆ.

“ಅಪ್ಪಾ, ಹತ್ತಬೇಡ! ಫೋರ್ಕು ಹಿಂದುಮುಂದಾಗದೆ!”

ಮಗಳು ರೇಷ್ಮೆ ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳತ್ತ ತಿರುಗಿದರು. ಒಳಗೆ ಹೆಂಡತಿ ಗೋಡೆ ಹಿಡಿದು ಕುಸಿದು ಕೂತದ್ದು ನನಗೆ ಕಾಣಿಸಿತು.

ಮಗಳು ನೇರ ಬಂದು, ಕಾಫಿ ತಟ್ಟೆಯನ್ನು ಹತ್ತಿರದಲ್ಲಿದ್ದವನ ಕೈಗೆ ಕೊಟ್ಟಳು. ಅವನೇ ಹುಡುಗ. ಅಂಗಡಿಯಿಂದ ಅಲೆನ್ ಕೀ ಮತ್ತು ಮರದ ಸುತ್ತಿಗೆ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹ್ಯಾಂಡಲ್ಲಿನ ಬೋಲ್ಟು ಸಡಿಲಿಸಿ, ಮೇಲೊಂದು ಏಟು ಹಾಕಿದಳು. ಫೋರ್ಕನ್ನು ತಿರುಗಿಸಿ ಬಿಗಿ ಮಾಡಿದಳು. ಬ್ರೇಕಿನ ತಂತಿಯನ್ನೂ ಎಳೆದು ಕಟ್ಟಿದಳು. ಕಾಫಿ ಆರುವ ಮೊದಲೇ ಕೆಲಸ ಮುಗಿಯಿತು.

“ಪೆಟ್ಟಿಗೇಲಿ ಹೆಂಗೆ ಜೋಡಿಸ್ಬೇಕು ಅಂತ ಚಿತ್ರ ಇರ್ತದಲ್ಲ, ನೋಡ್ಲಿಲ್ವಾ?” ಎಂದು ಹುಡುಗನನ್ನು ಕೇಳಿದಳು.

ಅವನು ತಟ್ಟೆ ಹಿಡಿದುಕೊಂಡೇ, “ನೋಡ್ದೆ. ತಲೆಕೆಳಗಾಗಿ ಹಿಡ್ಕೊಂಡಿದ್ದೆ ಅಂತ ಈಗ ಗೊತ್ತಾಯ್ತಾ ಅದೆ” ಎಂದ.

ಮಗಳು ನಕ್ಕಳು. ಒಂದು ವರ್ಷದಿಂದ ಯಾವ ಹುಡುಗನ ಮಾತು ಬಂದರೂ ಮುಖ ಸಿಂಡರಿಸುತ್ತಿದ್ದವಳು, ಆ ದಿನ ಬಾಯ್ತುಂಬಾ ನಕ್ಕಳು. ಆದರೆ ಹುಡುಗನ ಅಪ್ಪನ ಮುಖ ಕೆಂಪಗಾಗಿತ್ತು. ಟವಲ್ಲು ಹೆಗಲಿಗೆ ಹಾಕಿಕೊಂಡು ಕಾರಿನ ಕಡೆ ನೋಡುತ್ತಿದ್ದರು. ಇದೂ ಹೋಯಿತು ಎಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಹುಡುಗನ ಅಮ್ಮ ಎದ್ದು ಬಂದರು. ಸೈಕಲ್ ಸುತ್ತ ಒಂದು ಸುತ್ತು ಹಾಕಿ, ಬ್ರೇಕು ಒತ್ತಿ ನೋಡಿದರು. ಕಾಫಿ ತಟ್ಟೆ ಹಿಡಿದು ನಿಂತ ಮಗನನ್ನು ನೋಡಿದರು. ಸೀರೆ ಅಂಚಿಗೆ ಗ್ರೀಸ್ ತಾಕದ ಹಾಗೆ ಕೈ ದೂರ ಹಿಡಿದು ನಿಂತಿದ್ದ ನನ್ನ ಮಗಳನ್ನು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

“ಗೋಡೌನ್‌ನಲ್ಲಿ ಇವ್ನು ಜೋಡ್ಸಿ ನಿಲ್ಸಿರೋ ಸೈಕಲ್ ಇನ್ನೂ ಎಷ್ಟವೆ?”

“ಮೂವತ್ತೆಂಟು” ಎಂದರು ಅವರು ಸಣ್ಣ ದನಿಯಲ್ಲಿ.

ಆಯಮ್ಮ ಸೀದಾ ಒಳಗೆ ಹೋಗಿ, ಗೋಡೆಗೊರಗಿ ಕೂತಿದ್ದ ನನ್ನ ಹೆಂಡತಿಯ ಮುಂದೆ ನಿಂತರು.

“ಅಕ್ಕಾ, ಎದ್ದೇಳಿ. ಆಷಾಢ ಬರೋದ್ರೊಳಗೆ ಯಾವ್ದಾದ್ರೂ ಮುಹೂರ್ತ ಅದಾ, ಬಿರ್‍ರನೆ ನೋಡ್ಸಿ.”